ರವಿವಾರಕ್ಕೊಮ್ಮೆ ಅಪ್ಪ ಆಗೂದು ಹೆಂಗ್ರೀ?

ಪಿಗ್ಮಿಮಾಮಾ_ವಿಜಾಪುರ:

ಎಲ್ಲಾರಿಗೂ ನಮಸ್ಕಾರ್ರಿ. ಭಾಳ ದಿನದಿಂದ ಇಲ್ಲಿ ಬರೇ ಓದ್ತಿದ್ದೆ, ಬರಿಯೂದು ಇದ ಮೊದಲು. ಉದ್ದ ಆಗತೈತಿ, ಸ್ವಲ್ಪ ತಾಳ್ಕೋರಿ.

ನನಗ ಹೆಣ್ಣ ಕೂಸು ಹುಟ್ಟಿ ಇವತ್ತಿಗೆ 38 ದಿನ. ಚೊಚ್ಚಲ. ಹೆಂಡ್ತಿ ತವರಮನಿ ಜಮಖಂಡಿ, ಬಾಣಂತನ ಅಲ್ಲೇ. ನಾ ಇಲ್ಲಿ ವಿಜಾಪುರದಾಗ ಒಂದು ಪತ್ತಿನ ಸೊಸಾಯಿಟಿದು ಪಿಗ್ಮಿ ಕಲೆಕ್ಷನ್ ಮಾಡ್ತೀನಿ. ಪಗಾರ ಅಂತಿಲ್ಲ, ಎಲ್ಲಾ ಕಮಿಷನ್ ಮ್ಯಾಲ. ಒಂದಿನ ತಪ್ಪಿಸಿದ್ರ ಆ ದಿನದ್ದು ಹೋತಂತನ ತಿಳ್ಕೋರಿ, ಮರದಿನ ಹೋದ್ರ ಅಂಗಡಿಯವ್ರು "ನಿನ್ನೆ ನೀನ ಬರ್ಲಿಲ್ಲ, ಇವತ್ತ ಎರಡ ದಿನದ್ದ ಕೇಳಬ್ಯಾಡ" ಅಂತಾರ. ಹಿಂಗಾಗಿ ರವಿವಾರ ಒಂದ ದಿನ ಜಮಖಂಡಿ. ಮುಂಜಾನೆ ಹೋಗಿ ಸಂಜೀಕ ವಾಪಸ್. 60 ಕಿಲೋಮೀಟರ್ ಏನ್ ದೊಡ್ಡದಲ್ಲ, ಆದ್ರ ಈಗ ಕಬ್ಬಿನ ಸೀಜನ್, ಡಬಲ್ ಟ್ರೇಲರ್ ಟ್ರ್ಯಾಕ್ಟರ್ ಸಾಲಿನ ಹಿಂದ ಬಸ್ಸು ಸಿಕ್ಕೊಂಡ್ರ ಎರಡ ತಾಸು ಗ್ಯಾರಂಟಿ.

ಹುಟ್ಟಿದ ದಿನಾನೂ ನಾ ಅಲ್ಲಿ ಇರ್ಲಿಲ್ಲ. ಡಾಕ್ಟರ್ ಇನ್ನೂ 9 ದಿನ ಐತಿ ಅಂದಿದ್ರು. ನಸಿಕಿನ್ಯಾಗ ನಾಕಕ್ಕ ಮಾವನ ಫೋನ್ ಬಂತು, ಗಾಡಿ ತಗೊಂಡು ಆ ಥಂಡ್ಯಾಗ ಹೋದೆ, ಮುಟ್ಟೂದರಾಗ ಆಗಿಬಿಟ್ಟಿತ್ತು. ಸಿಸ್ಟರ್ ಬಂದು ಹಳೇ ಧೋತರದ ಅರಬಿಯೊಳಗ ಸುತ್ತಿದ್ದ ಕೂಸನ್ನ ನನ್ನ ಕೈಯಾಗ ಕೊಟ್ಟು "2 ಕೆಜಿ 700 ಗ್ರಾಮ್" ಅಂದ್ರು. ಖರೇ ಹೇಳ್ತೀನ್ರಿ, ನನಗೇನೂ ಅನಿಸ್ಲಿಲ್ಲ. ಎಲ್ಲಾರೂ ಹೇಳ್ತಿದ್ರಲ್ಲ, ಕೂಸಿನ ಮಾರಿ ನೋಡಿದ ಕೂಡ್ಲೆ ಕಣ್ಣಾಗ ನೀರ ಬರ್ತಾವು, ಲೋಕನ ಬದಲಾಗತೈತಿ ಅಂತ. ನಾ ಬೆರಳ ಎಣಿಸಿದೆ. ಹತ್ತೂ ಅದಾವ. ಕಾಲಿಂದೂ ಹತ್ತ. ಆಮ್ಯಾಲ ಬೀಳಸ್ತೀನೇನೋ ಅಂತ ಹೆದರಿ ಅತ್ತಿ ಕೈಯಾಗ ಕೊಟ್ಟೆ, ಕೈ ಬೆವರಿದ್ದು.

ಐದನೇ ದಿನ ಶೆಟಗೆವ್ವನ ಪೂಜಾಕ್ಕ ಹಾಳಿ ಪೆನ್ನು ಇಟ್ಟಿದ್ರಂತ, ಹಣಿಬರಹ ಬರಿಯಾಕ. ಆಗ ನಾ ಗಾಂಧಿ ಚೌಕದಾಗ ಪಾವತಿ ಬರೀಲಾಕತ್ತಿದ್ದೆ. ತೊಟ್ಟಲಕ್ಕ ಹೋಗಿದ್ದೆ ಖರೆ, ನಮ್ಮ ಅಕ್ಕ ಸೋದರತ್ತಿ ಅಂತ ಕಿವ್ಯಾಗ ಕುರ್ರ್ ಅಂತ ಹೆಸರ ಹೇಳಿದ್ಲು, ಹೆಣ್ಮಕ್ಕಳೆಲ್ಲಾ ಕೂಡಿ ಆಕಿ ಬೆನ್ನಿಗೆ ದಬಾದಬಾ ಗುದ್ದಿದ್ರು, ನಾ ಹೊರಗ ಪಡಸಾಲ್ಯಾಗ ಬೀಗರ ಸಂಗಟ ಕುಂತು ಗುದ್ದಿನ ಸಪ್ಪಳ ಅಷ್ಟ ಕೇಳಿದೆ.

ಈಗಿನ ಹಾಲತ್ ಹಿಂಗೈತಿ. ರವಿವಾರ ಹೋದ ಕೂಡ್ಲೆ ಒಳಗ ಬಿಡೂದಿಲ್ಲ. ಕೈಕಾಲು ತೊಳ್ಕೊಂಡು ಒಂದರ್ಧಾ ತಾಸು ಹೊರಗ ಕುಂದರಬೇಕು, ಗಾಳಿ ಧೂಳಿ ತಂದಿರ್ತೀರಿ ಅಂತ. ಅಳಿಯಾರು ಅಂತ ನನಗ ಸಜ್ಜಕ, ಹಪ್ಪಳ, ಎಲ್ಲಾ ಮರ್ಯಾದಿ. ಆಮ್ಯಾಲ ಕೂಸು ನೋಡಾಕ ಕರೀತಾರ, ಅದೂ ಹೆಂಗ, ಬ್ಯಾಂಕಿನ್ಯಾಗ ಲಾಕರ್ ತೆರದ ತೋರಿಸ್ದಂಗ. ಎತ್ಕೊಂಡ್ರ ಸಾಕು, ಕೂಸು ಬೆಚ್ಚಿಬಿದ್ದು ಎರಡೂ ಕೈ ಮ್ಯಾಲ ಎತ್ತಿ ಅಳ್ತಾಳ. ಅದ ಬಾಜೂಮನಿ ಎಂಟನೇತ್ತಿ ಹುಡುಗಿ ಎತ್ಕೊಂಡ್ರ ಸುಮ್ಮ ಇರ್ತಾಳ. ಇವತ್ತಂತೂ ಹೆಂಡ್ತಿ "ಕೊಡ್ರಿ ಇಲ್ಲೆ, ನಿಮಗ ಹಿಡ್ಯಾಕ ಬರೂದಿಲ್ಲ" ಅಂದ್ಲು. ಸಿಟ್ಟಿಲೆ ಅಂದಿದ್ದಲ್ಲ, ಆದ್ರೂ ಬಸ್ಸಿನ್ಯಾಗ ಪೂರ್ತಿ ಅದ ತಲ್ಯಾಗ.

ದಿನಾ ನಾ ಅಂಗಡಿಯವ್ರಿಗೆ ಹೇಳೂ ಮಾತಂದ್ರ "ಸಾವಕಾರ, ಸಣ್ಣದಿದ್ರೂ ನಡೀತೈತಿ, ದಿನಾ ತುಂಬ್ರಿ" ಅಂತ. ಸ್ವಂತ ಮಗಳ ಖಾತೆಕ್ಕ ಮಾತ್ರ ವಾರಕ್ಕೊಂದ ಸಲ ಹೋಗಾಕತ್ತೀನಿ.

ಐದ ತಿಂಗಳಾದ ಮ್ಯಾಲ ಕಳಸ್ತೀವಿ ಅಂತಾರ ಅತ್ತಿ. ಮೂರಕ್ಕ ಕರ್ಕೊಂಡ ಬರ್ಲ್ಯಾ? ಅಷ್ಟೊತ್ತಿಗೆ ಆಕಿಗೆ ನನ್ನ ಗುರ್ತ ಹತ್ತತೈತೇನು? ಮತ್ತ ಹುಟ್ಟಿದಾಗ ಏನೂ ಅನಸದ ಇದ್ದದ್ದು ನನಗೊಬ್ಬನಿಗೇನೋ, ಇನ್ನ್ಯಾರಿಗರ ಆಗೇತೇನು?

ಹೆಸರು ಬರಿಯೂದಿಲ್ರಿ, ದಿಷ್ಟಿ ಆಗತೈತಿ ಅಂತಾಳ ನಮ್ಮವ್ವ.

—

ಗುಮ್ಮಟದ_ಪಾರಿವಾಳ:

ಮೊದಲ ಪೇಡೆ ಎಲ್ಲಿ ಹೇಳಪಾ.

ಐದ ತಿಂಗಳ ಆರಾಮ ನಿದ್ದಿ ಮಾಡು ದೋಸ್ತ, ಇಂಥಾ ಆಫರ್ ಮತ್ತ ಬರೂದಿಲ್ಲ. ನಮ್ಮಾಕಿ 40ನೇ ದಿನಕ್ಕ ಬಂದ್ಲು, ಅವತ್ತಿಂದ ನಮ್ಮ ಮನಿ ಗೋಳಿನ ಗುಮ್ಮಟ ಆಗೇತಿ. ಆ ಗುಮ್ಮಟದಾಗ ಒಮ್ಮೆ ಕೂಗಿದ್ರ ಏಳ ಸಲ ಕೇಳತೈತಿ ಅಂತಾರ, ನಮ್ಮ ಹುಡುಗ ರಾತ್ರಿ ಎರಡಕ್ಕ ಒಮ್ಮೆ ಕೂಗಿದ್ರ ಏಳ ಮನಿ ಲೈಟ್ ಹತ್ತತಾವು.

—

ಪಿಗ್ಮಿಮಾಮಾ_ವಿಜಾಪುರ:

ಪೇಡೆ ಹಂಚೀನ್ರಿ, ಅದೂ ಒಂದ ಕತಿ. ಎಲ್‌ಬಿಎಸ್ ಮಾರ್ಕೆಟ್‌ನ್ಯಾಗ ಪೇಡೆ ಡಬ್ಬಿ ನೋಡಿ "ಗಂಡಾ?" ಅಂತಾರ. ಹೆಣ್ಣು ಅಂದ್ರ "ಹಂಗಾರ ಜಿಲೇಬಿ ತರಬೇಕಿತ್ತಲ್ಲೋ" ಅಂತಾರ, ಆಮ್ಯಾಲ "ಇರ್ಲಿ ಬಿಡೋ, ಲಕ್ಷ್ಮಿ ಬಂದಾಳ" ಅಂತ ಬೆನ್ನ ತಟ್ಟತಾರ. ಆ 'ಇರ್ಲಿ ಬಿಡೋ' ಯಾಕ ಬರತೈತಿ ಅಂತೀನಿ. ನಾ ಏನ್ ಅಳ್ಕೋತ ನಿಂತಿದ್ನೇನು. ಒಬ್ಬ ಟೇಲರ್ ಕಾಕಾ ಅಷ್ಟ ಏನೂ ಕೇಳಲಾರ್ದ ಎರಡ ಪೇಡೆ ತಗೊಂಡು ಒಂದು ಕಿಸೇದಾಗ ಇಟ್ಕೊಂಡ, ಮೊಮ್ಮಗಳಿಗಂತ.

—

ಉದ್ಯಮಬಾಗ_ಸೆಕೆಂಡ್‌ಶಿಫ್ಟ್:

ಬೆಳಗಾವಿಯಿಂದ ಬರ್ಯಾಕತ್ತೇನಿ, ಎರಡ ಮಕ್ಕಳ ತಂದಿ, ಫೌಂಡ್ರಿ ಕೆಲಸ. ನಿಮ್ಮ ಕಡೇ ಪ್ರಶ್ನೆಕ್ಕ ಮೊದಲ ಹೇಳ್ತೇನಿ. ನನಗೂ ದೊಡ್ಡಾವ ಹುಟ್ಟಿದಾಗ ಏನೂ ಅನಿಸಿದ್ದಿಲ್ಲ. ಬಿಲ್ ಎಷ್ಟ ಆಗತೈತೋ ಅನ್ನೂದೊಂದ ತಲ್ಯಾಗ ಇತ್ತು. ಯಾರ ಮುಂದೂ ಹೇಳಿದ್ದಿಲ್ಲ, ಹನ್ನೊಂದ ವರ್ಷ ಆದ ಮ್ಯಾಲ ಇಲ್ಲೆ ಹೇಳಾಕತ್ತೇನಿ ನೋಡ್ರಿ, ಅದೂ ಹೆಸರ ಮುಚ್ಕೊಂಡ.

ನನಗ ಕೂಸಿನ ಗುರ್ತ ಹತ್ತಿದ್ದು ಅದು ಅಳೂದ್ರಿಂದ. ದಿನಾ ಸಂಜಿ ಏಳಕ್ಕ ಚಾಲೂ ಅಂದ್ರ ಹತ್ತರ ತನಕ, ಮುಷ್ಟಿ ಬಿಗಿಹಿಡದು, ಕಾಲ ಹೊಟ್ಟಿಗೆ ಎಳಕೊಂಡು, ಮಾರಿ ಕೆಂಪಗ ಮಾಡ್ಕೊಂಡು. ನಮ್ಮವ್ವ ದಿಷ್ಟಿ ಅಂದ್ಲು, ಉಪ್ಪು ಮೆಣಸಿನಕಾಯಿ ಇಳಿಸಿ ಒಲಿಗೆ ಹಾಕಿದ್ಲು, ಬಜಿ ತೇದ ನೆಕ್ಕಸ್ತೇನಿ ಅಂದ್ಲು. ಮಕ್ಕಳ ಡಾಕ್ಟರ್ ಹತ್ರ ಹೋದ್ರ ಅವ್ರು ಹೊಟ್ಟಿ ಮುಟ್ಟಿ ನೋಡಿ, ತೂಕ ಹಾಕಿ, ತೂಕ ಏರಾಕತ್ತೇತಿ ಹಾಲ ಕುಡಿತೈತಿ ಅಂದ ಮ್ಯಾಲ ಇದು ಕಾಲಿಕ್, ಆರನೇ ವಾರದ ಸುಮಾರಿಗೆ ಜೋರ ಇರತೈತಿ, ಮೂರ ನಾಕ ತಿಂಗಳಿಗೆ ತಾನ ನಿಲ್ಲತೈತಿ, ಆರ ತಿಂಗಳ ತನಕ ತಾಯಿ ಹಾಲ ಬಿಟ್ಟು ನೀರೂ ಬ್ಯಾಡ, ಗುಟಿನೂ ಬ್ಯಾಡ, ಜೇನತುಪ್ಪಂತೂ ವರ್ಷ ತುಂಬೂ ತನಕ ಮುಟ್ಟಸಬ್ಯಾಡ್ರಿ ಅಂದ್ರು. ಕೇಳಾಕ ಎರಡ ನಿಮಿಷದ ಮಾತು, ನಡ್ಸಾಕ ಮೂರ ತಿಂಗಳ. ಸೆಕೆಂಡ್ ಶಿಫ್ಟ್ ಇದ್ದ ವಾರ ನಾ ಪಾರ, ಫಸ್ಟ್ ಶಿಫ್ಟ್ ಇದ್ದ ವಾರ ಸಂಜಿ ಪೂರ್ತಿ ನಂದ ಡ್ಯೂಟಿ. ಎಡಗೈ ಮ್ಯಾಲ ಬೋರಲ ಹಾಕ್ಕೊಂಡು, ಅದರ ತಲಿ ನನ್ನ ಮೊಳಕೈ ಹತ್ರ, ಕಾಲ ಎರಡೂ ಕಡೆ ಜೋತಬಿದ್ದು, ಹಿಂಗ ಓಣ್ಯಾಗ ಆ ಲೈಟ್ ಕಂಬದಿಂದ ಈ ಕಂಬಕ್ಕ. ಹಂಗ ತಿರಗಿದ್ರ ಸುಮ್ಮ ಆಗ್ತಿತ್ತು, ಕುಂತ್ರ ಮತ್ತ ಚಾಲೂ, ಅದಕ್ಕ ಹೆಂಗ ತಿಳಿತಿತ್ತೋ ಏನೋ.

ನೀವು ಶನಿವಾರ ಕಲೆಕ್ಷನ್ ಮುಗಿಸಿ ಕಡೇ ಬಸ್ಸಿಗೆ ಹೋಗ್ರಿ, ರಾತ್ರಿ ಅಲ್ಲೇ ಇರ್ರಿ. ಹಗಲ ಹೊತ್ತಿನ್ಯಾಗ ಅಳಿಯಾರಿಗೆ ಹಪ್ಪಳ ಸಿಗತೈತಿ, ಕೂಸು ಸಿಗೂದು ರಾತ್ರಿನ. ಹಾಲ ಕುಡದ ಮ್ಯಾಲ ಹೆಗಲ ಮ್ಯಾಲ ಹಾಕ್ಕೊಂಡು ತೇಗ ತರಸೂದು, ಲಂಗೋಟಿ ಬದಲ ಮಾಡೂದು, ಇವೆಲ್ಲಾ ಹಾಲಿಲ್ಲದ ಮಂದೀನೂ ಮಾಡಬಹುದು. ಇನ್ನ ಈ ವಯಸ್ಸಿನ್ಯಾಗ ಕೂಸಿಗೆ ಛಂದಾಗಿ ಕಾಣೂದು ಗೇಣು, ಒಂದೂವರಿ ಗೇಣಿನ ಅಂತರ ಅಷ್ಟ. ನೀವು ದೂರ ನಿಂತು ಚಿಟಿಕಿ ಹೊಡದ್ರ ಏನ್ ಕಂಡೀತ್ರಿ ಅದಕ್ಕ. ಮಾರಿ ಹತ್ರ ತರ್ರಿ, ಮಾತಾಡ್ರಿ, ಏನರ ಮಾತಾಡ್ರಿ.

—

ನವನಗರ_ಅಕ್ಕ:

ನಾ ಬಾಗಲಕೋಟಿ ನವನಗರದಾಕಿ, ಹತ್ತ ವರ್ಷ ಹೆರಿಗಿ ವಾರ್ಡಿನ್ಯಾಗ ಸ್ಟಾಫ್ ನರ್ಸ್ ಅಂತ ಕೆಲಸ ಮಾಡೀನಿ. ತಮ್ಮಾ, ಮೊದಲ ಒಂದು ಚಿಂತಿ ಬಿಡು. ಕೂಸು ಬೆಚ್ಚಿ ಎರಡೂ ಕೈ ಎತ್ತೂದು ನಿನ್ನ ನೋಡಿ ಹೆದರಿ ಅಲ್ಲ. ತಲಿಗೆ ಆಸರ ತಪ್ಪಿದಂಗ ಆದ್ರ ಎಲ್ಲಾ ಕೂಸೂ ಹಂಗ ಮಾಡ್ತಾವ, ಮೊರೊ ರಿಫ್ಲೆಕ್ಸ್ ಅಂತಾರ, ಹುಟ್ಟಿದ ಕೂಡ್ಲೆ ಡಾಕ್ಟರ್ ಅದನ್ನ ಬೇಕಂತನ ಮಾಡಿ ನೋಡ್ತಾರ. ಮೂರ ನಾಕ ತಿಂಗಳಿಗೆ ಕಡಿಮಿ ಆಗತೈತಿ. ಬಾಜೂಮನಿ ಹುಡುಗಿ ತಲಿ ಕೆಳಗ ಕೈ ಕೊಟ್ಟು ಎತ್ತತಿರಬೇಕು, ನೀ ರಟ್ಟಿ ಕೆಳಗ ಹಿಡದು ಎತ್ತತಿರಬೇಕು, ಅಷ್ಟ ಫರಕು. ಒಂದ ಕೈ ಕುತ್ತಿಗಿ ಕೆಳಗ, ಒಂದ ಕೈ ಕುಂಡಿ ಕೆಳಗ, ಮೊದಲ ನೀ ಬಗ್ಗು, ಆಮ್ಯಾಲ ಎತ್ತು. ನಗೀನೂ ಹಂಗ, ಈಗ ನಿದ್ದ್ಯಾಗ ನಗೂದು ಬ್ಯಾರೆ, ಮಾರಿ ನೋಡಿ ನಗೂದು ಆರನೇ ವಾರದ ಅತ್ತಾಗ ಇತ್ತಾಗ ಚಾಲೂ ಆಗತೈತಿ. ಇನ್ನೂ ಟೈಮ್ ಐತಿ ನಿಂಗ.

ಈಗ ಬೈತೀನಿ. ಅಷ್ಟುದ್ದ ಬರದೀಯಲ್ಲ, ನಿನ್ನ ಹೆಂಡ್ತಿ ಹೆಂಗದಾಳ? 'ಕೊಡ್ರಿ ಇಲ್ಲೆ' ಅಂದ್ಲು ಅನ್ನೂದ ಬಿಟ್ಟು ಆಕಿ ಸುದ್ದಿನ ಇಲ್ಲ. ನಿಮ್ಮ ಅತ್ತಿಯಾರು ಚಲೋ ಮಂದಿ ಇರಬಹುದು, ಆದ್ರ ನಮ್ಮ ಕಡೆ ಬಾಣಂತಿ ಕ್ವಾಣಿ ನಾ ಭಾಳ ನೋಡೀನಿ. ಕಿಡಕಿ ಮುಚ್ಚಿ, ಹೊರಸಿನ ಕೆಳಗ ಇದ್ದಲಿ ಶೆಗಡಿ, ಮ್ಯಾಲ ಲೋಬಾನ ಹೊಗಿ, ಕಿವಿಗೆ ಅರಬಿ, ಕುಡ್ಯಾಕ ನೀರ ಕೇಳಿದ್ರ ಹೊಟ್ಟಿ ಬರತೈತಿ ಅಂತ ಅರ್ಧಾ ವಾಟಿ. ಹಾಲ ಕುಡಸೂ ತಾಯಿಗೆ ಬಾಯಾರಿಕಿ ಹೆಚ್ಚ ಆಗತೈತಿ ತಮ್ಮಾ, ನೀರ ಬೇಕ ಬೇಕು. ಮುಚ್ಚಿದ ಕ್ವಾಣ್ಯಾಗ ಇದ್ದಲಿ ಉರಿಸಿದ್ರ ಕಾರ್ಬನ್ ಮೊನಾಕ್ಸೈಡ್ ಕೂಡತೈತಿ, ವಾಸನಿನೂ ಬರೂದಿಲ್ಲ, ಜೀವಕ್ಕ ಅಪಾಯ. ಅಂಟಿನ ಉಂಡಿ, ಅಳವಿ ಪಾಯಸ ಕೊಡ್ಲಿ, ಯಾರ ಬ್ಯಾಡಂದ್ರು, ಜೋಡಿ ಕಾಯಿಪಲ್ಲೆನೂ ಕೊಡ್ಲಿ. ಇದನ್ನ ಮಗಳು ಹೇಳಿದ್ರ "ನಿನಗೇನ ತಿಳಿತೈತಿ, ನಾ ನಾಕ ಹಡದೀನಿ" ಅಂತಾರ. ಅಳಿಯಾ ಹೇಳಿದ್ರ ಕೇಳ್ತಾರ. ನಿಂಗ ಸಜ್ಜಕದ ಮರ್ಯಾದಿ ಐತಿ ಅಂದೆಲ್ಲ, ಆ ಮರ್ಯಾದಿ ಖರ್ಚ ಮಾಡು.

ಇನ್ನೊಂದು. 38 ದಿನ ಅಂದಿ, ಗುರುವಾರಕ್ಕ ಆರ ವಾರ ತುಂಬತಾವು. ಆರನೇ ವಾರದ ಲಸಿಕಿ ಗೊತ್ತೈತಿಲ್ಲೊ? ಐದ ರೋಗಕ್ಕ ಕೂಡಿ ಹಾಕೂ ಪೆಂಟಾವ್ಯಾಲೆಂಟ್, ನ್ಯುಮೋನಿಯಾಕ್ಕ ಹಾಕೂ ಪಿಸಿವಿ, ಪೋಲಿಯೋದ್ದು, ಒಟ್ಟ ಮೂರ ಸೂಜಿ, ಮತ್ತ ಪೋಲಿಯೋ, ರೋಟಾವೈರಸ್ ಎರಡೂ ಹನಿ. ಆಮ್ಯಾಲ 10ನೇ ವಾರ, 14ನೇ ವಾರ. ನಮ್ಮ ಕಡೆ ಲಸಿಕಿ ಗುರುವಾರ ಹಾಕ್ತಾರ, ಆಶಾ ಕಾರ್ಯಕರ್ತಿ ಬಂದು ಹೇಳೇ ಇರ್ತಾಳ. ಬಾಣಂತೀನ ಹೊರಗ ಬಿಡೂದಿಲ್ಲ ಅಂತಾರ, ಅಜ್ಜಿಗೆ ಕೂಸು ಅಳೂದ ನೋಡಾಕ ಆಗೂದಿಲ್ಲ. ತಾಯಿ ಕಾರ್ಡ್ ತಗೊಂಡು ನೀ ಹೋಗು. ಸೂಜಿ ಚುಚ್ಚೂವಾಗ ಕೂಸು ನಿನ್ನ ತೊಡಿ ಮ್ಯಾಲ ಇರ್ಲಿ. ಒಂದ ಗುರುವಾರದ ಕಮಿಷನ್ ಹೋದ್ರ ಹೋಗ್ಲಿ.

—

ಹುಕುಂ_ಕಾರಕೂನ:

ಅಕ್ಕಾರ ಹೇಳಿದ್ದ ಸರಿ. ನಾ ಸರ್ಕಾರಿ ನೌಕರ, ನಮಗ 15 ದಿನ ಪಿತೃತ್ವ ರಜಾ ಐತಿ, ಪ್ರೈವೇಟಿನವರಿಗೆ ಕಾಯ್ದೇದಾಗ ಅದೂ ಇಲ್ಲ, ಹೆಣ್ಮಕ್ಕಳಿಗಷ್ಟ 26 ವಾರ ಮಾಡ್ಯಾರ 2017ರಾಗ. ನನ್ನ 15 ದಿನದಾಗ ಹತ್ತ ದಿನ ಬಂದ ಬಂದ ಬೀಗರನ್ನ ಬಸ್ ಸ್ಟ್ಯಾಂಡಿಗೆ ಬಿಡೂದ ಆತು, ಹಿಂಗಾಗಿ ರಜಾ ಇದ್ದಾವ್ರು ಏನೋ ಭಾಳ ಅಪ್ಪ ಆಗಿಬಿಡ್ತಾರ ಅನ್ಕೋಬ್ಯಾಡ್ರಿ.

ಜನನ ಪ್ರಮಾಣಪತ್ರ ಜಮಖಂಡ್ಯಾಗ ತಗೋಬೇಕು, ಹುಟ್ಟಿದ ಊರಾಗ ನೋಂದಣಿ, ವಿಜಾಪುರದಾಗ ಮಾಡ್ಸೂದಿಲ್ಲ. 21 ದಿನದೊಳಗ ದವಾಖಾನಿಯವ್ರು ಕಳಸಿರ್ತಾರ, ಹೆಸರ ಸೇರ್ಸಾಕ ಒಂದ ವರ್ಷದ ತನಕ ಫೀ ಇಲ್ಲ. 2023ರ ಅಕ್ಟೋಬರ್ 1ರಿಂದ ಈಚೆ ಹುಟ್ಟಿದ ಮಕ್ಕಳಿಗೆ ಸಾಲಿಗೂ ಪಾಸ್‌ಪೋರ್ಟಿಗೂ ಹುಟ್ಟಿದ ತಾರೀಖಿಗೆ ಇದ ಕಾಗದ ಹಿಡಿತಾರ. ತಂದಿ ತಾಯಿ ಹೆಸರಿನ ಸ್ಪೆಲ್ಲಿಂಗ್ ಆಧಾರದಾಗ ಇದ್ದಂಗ ಐತಿಲ್ಲೋ ಅಲ್ಲೇ ನಿಂತು ನೋಡ್ರಿ. ನನ್ನ ಮಗನ ಕಾಗದದಾಗ ನನ್ನ ಅಡ್ಡಹೆಸರಿನ್ಯಾಗ ಒಂದ ಅಕ್ಷರ ಹೋಗಿತ್ತು, ತಿದ್ದಸಾಕ ಆರ ತಿಂಗಳ ಅಡ್ಡಾಡೀನಿ, ಕಾರಕೂನ ಆಗಿ.

ಮೂರ ತಿಂಗಳಿಗೆ ಕರ್ಕೊಂಡ ಬರೂದಕ್ಕ ನಂದ ವಿರೋಧ ಐತಿ. ವಿಜಾಪುರದಾಗ ಯಾರದಾರ ನೋಡ್ಕೊಳ್ಳಾಕ? ನೀ ಮುಂಜಾನೆ ಹೋಗಿ ರಾತ್ರಿ ಬರಾವ.

—

ನವನಗರ_ಅಕ್ಕ:

ಅದನ್ನ ನೀವ್ಯಾಕ ನಿರ್ಧಾರ ಮಾಡ್ತೀರಿ, ಆಕೀನ್ನ ಕೇಳ್ಲಿ. ಮೂರೋ ಐದೋ ಆಕಿ ಹೇಳ್ಲಿ.

—

ಎಳ್ಳಮಾಸಿ_ಅಜ್ಜ:

ನಾ ಇಂಡಿ ತಾಲೂಕಿನಾವ, ವಯಸ್ಸು 71, ಮೊಮ್ಮಗ ಈ ಫೋನಿನ್ಯಾಗ ಮಾತಾಡಿದ್ರ ತಾನ ಬರಿಯೂದು ಹಾಕಿ ಕೊಟ್ಟಾನ, ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ. ನೀವೆಲ್ಲ ಹೆಂಗ ಎತ್ಕೋಬೇಕು ಅಂತ ಮಾತಾಡಾಕತ್ತೀರಿ. ನಮ್ಮ ಕಾಲದಾಗ ಎತ್ಕೊಳ್ಳೂದ ಇರ್ಲಿಲ್ಲ. ಅಪ್ಪನ ಮುಂದ, ಕಾಕಾನ ಮುಂದ ತನ್ನ ಮಗನ್ನ ತಾ ಎತ್ಕೊಂಡ್ರ ನಾಚಿಗ್ಗೇಡಿ ಅಂತಿದ್ರು. ಇಪ್ಪತ್ತಾರು ಮಂದಿ ಇದ್ದ ಮನಿ. ತಮ್ಮನ ಮಗನ್ನ ಎತ್ಕೋಬಹುದು, ನನ್ನ ಮಗನ್ನ ತಮ್ಮ ಎತ್ಕೋಬಹುದು, ನಾ ಎತ್ಕೊಳ್ಳಾಂಗಿಲ್ಲ. ಅಂಗಳದಾಗ ಆಡ್ತಿದ್ರ ದಾಟಿ ಹೋಗೂದು.

ನಾ ನನ್ನ ದೊಡ್ಡ ಮಗನ್ನ ಮೊದಲ ಎತ್ಕೊಂಡಿದ್ದು ಅವಗ ಹನ್ನೊಂದ ತಿಂಗಳಿದ್ದಾಗ, ಎಳ್ಳಮಾಸಿ ದಿನ. ಎಲ್ಲಾರೂ ಬಂಡಿ ಕಟ್ಕೊಂಡು ಹೊಲಕ್ಕ ಹೋಗಿದ್ವಿ, ಜ್ವಾಳ ಎದಿಮಟ ನಿಂತಿತ್ತು, ಹೆಣ್ಮಕ್ಕಳು ಬನ್ನಿ ಗಿಡದ ಕೆಳಗ ಸಜ್ಜಿ ಕಡಬು, ಭಜ್ಜಿ, ಶೇಂಗಾ ಹೋಳಿಗಿ ಬಿಚ್ಚಾಕತ್ತಿದ್ರು, ಗಂಡಸರು ಹೊಲಕ್ಕ ಎಡಿ ಅಂತ ಚರಗಾ ಚೆಲ್ಲಾಕ ಹೋಗಿದ್ರು. ಹುಡುಗ ಅಂಬೆಗಾಲ ಇಟ್ಕೋತ ಜ್ವಾಳದೊಳಗ ಹೋಗಿಬಿಟ್ಟ. ಅಳು ಕೇಳ್ತೈತಿ, ಕೂಸು ಕಾಣಸವಲ್ದು. ನಾ ಓಡಿ ಹೋಗಿ ಸಾಲಿನ್ಯಾಗಿಂದ ಎತ್ಕೊಂಡೆ, ಗಲ್ಲಕ್ಕ ಜ್ವಾಳದ ಗರಿ ಕೊಯ್ದು ಒಂದ ಗೆರಿ ಮೂಡಿತ್ತು, ಎದಿಗೆ ಅಪ್ಪಿಕೊಂಡು ತಿರಗಿದ್ರ ಎದುರಿಗೆ ನಮ್ಮಪ್ಪ, ಕೈಯಾಗ ಚರಗದ ಬುಟ್ಟಿ. ನಾ ಇಳಸಬೇಕೋ ಬ್ಯಾಡೋ ಗೊತ್ತಾಗಲಿಲ್ಲ. ಅಂವ ನನ್ನ ನೋಡಿದ, ಆಮ್ಯಾಲ ಎತ್ತಿನ ಕಡೆ ಹೊಳ್ಳಿ "ಈ ಎತ್ತಿಗೆ ನೀರ ಕುಡಿಸ್ಯಾರೋ ಇಲ್ಲೋ" ಅನ್ಕೋತ ಹೋದ. ಎತ್ತಿಗೆ ನೀರ ಅವನ ಕುಡಿಸಿದ್ದ.

—

ಗುಮ್ಮಟದ_ಪಾರಿವಾಳ:

ಅಜ್ಜಾ, ನಾ ಚೇಷ್ಟಾ ಮಾಡಾಕ ಬಂದಾವ, ಬಾಯಿ ಮುಚ್ಚಿಸಿದ್ರಿ.

—

ಪಿಗ್ಮಿಮಾಮಾ_ವಿಜಾಪುರ:

ಶುಕ್ರವಾರ. ಬಸ್ಸಿನ್ಯಾಗ ಕುಂತು ಬರೀಲಾಕತ್ತೀನಿ, ತಪ್ಪ ಇದ್ರ ಮಾಫ್ ಮಾಡ್ರಿ.

ಅಕ್ಕಾರ ಹೇಳಿದಂಗ ಬುಧವಾರ ಕಲೆಕ್ಷನ್ ಲಗೂನ ಮುಗಿಸಿ ಸಂಜೀನ ಜಮಖಂಡಿಗೆ ಹೋದೆ. ಅತ್ತಿಗೆ ಶೆಗಡಿ ವಿಷಯ ಹೇಳ್ಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಸ್ಕೊಂಡಿದ್ದೆ. ಅಲ್ಲಿ ಹೋಗಿ "ಅತ್ತಿಯಾರ, ಅದು, ಶೆಗಡಿ" ಅಂದೆ, ಮುಂದ ಮಾತ ಬರ್ಲಿಲ್ಲ. ಅವ್ರು ನನಗ ಥಂಡಿ ಆಗೇತಿ ಅನ್ಕೊಂಡು ಶೆಗಡಿ ತಂದು ನನ್ನ ಮುಂದ ಇಟ್ರು! ಹೆಂಡ್ತಿ ಒಳಗಿಂದ ನಕ್ಕಿದ್ದು ಕೇಳಿಸ್ತು. ಹೆಂಗಿದ್ರೂ ಆ ರಾತ್ರಿ ಶೆಗಡಿ ಪಡಸಾಲ್ಯಾಗ ಉಳೀತು. ಮುಂಜಾನೆ ಎಲ್ಲಾ ಬಿಡಿಸಿ ಹೇಳೀನಿ, ಕಿಡಕಿ ಒಂದ ಬಾಗಲಾ ತೆರದಾರ, ನೀರಿಂದು ಹೆಂಡ್ತಿ ತಾನ ತಂಬಗಿ ತುಂಬಿಸಿ ಇಟ್ಕೊಂಡಾಳ. ಮೂರೋ ಐದೋ ಅಂತ ಕೇಳಿದೆ. "ಐದ. ಆದ್ರ ನೀವ ಹಿಂಗ ನಡುವಾರದಾಗ ಬರ್ರಿ" ಅಂದ್ಲು. ಅಷ್ಟ.

ಸೂಜಿ ಹಾಕ್ಸೂವಾಗ ಸಿಸ್ಟರ್ "ಹುಟ್ಟಿದ ತೂಕ?" ಅಂದ್ರು, ಕಾರ್ಡ್ ನೋಡಲಾರ್ದ 2 ಕೆಜಿ 700 ಅಂದೆ. ಈಗ 3 ಕೆಜಿ 900. ಎಂಟ ಮಂದಿ ತಾಯಂದಿರ ನಡಕ ನಾ ಒಬ್ಬನ ಗಂಡಸು, ಕುಂಚಗಿ ಕಟ್ಟೂದು ಸೈತ ಒಬ್ಬ ಆಯಿ ಹೇಳಿಕೊಟ್ಳು. ಮೊದಲ ಸೂಜಿಗೆ ಆಕಿ ಉಸಿರ ಹಿಡದು ನನ್ನ ಮಾರಿ ನೋಡಿದ್ಲು, ಸಪ್ಪಳನ ಇಲ್ಲ, ಆಮ್ಯಾಲ ಚೀರಿದ್ಲು ನೋಡ್ರಿ. ಮೂರನೇದಕ್ಕ ನಾ ಕಣ್ಣ ಮುಚ್ಕೊಂಡಿದ್ದೆ. ಅರ್ಧಾ ತಾಸು ಅಲ್ಲೇ ಕುಂಡ್ರಸಿ ಬಿಟ್ರು.

ರಾತ್ರಿ ಮೈ ಬಿಸಿ ಆತು. ಹಾಕೂ ಹನಿ ಔಷಧ ಸಿಸ್ಟರ್ ಬರದ ಕೊಟ್ಟಿದ್ರು, ಹಾಕಿದ್ವಿ. ಎರಡ ಗಂಟೆಕ್ಕ ಅತ್ತಿಯಾರು ಪಡಸಾಲಿಗೆ ಬಂದು ನನ್ನ ಎಬ್ಬಿಸಿ "ಏಳ್ರಿ, ನಾವಿಬ್ರೂ ದಣದೀವಿ, ನಿಮ್ಮ ಮಗಳ್ನ ನೀವ ಹಿಡ್ಕೋರಿ" ಅಂದ್ರು. ಕೈಕಾಲು ತೊಳ್ಕೊರಿ ಅನ್ಲಿಲ್ಲ. ಬೆಳಗಾವಿ ಅಣ್ಣಾರ ಹೇಳಿದಂಗ ಎಡಗೈ ಮ್ಯಾಲ ಬೋರಲ ಹಾಕ್ಕೊಂಡು ಪಡಸಾಲ್ಯಾಗ ಗಳಿಗಿ ಗಳಿಗಿಗೆ ಈ ಗೋಡೆಯಿಂದ ಆ ಗೋಡೆಗೆ. ಜೋಗುಳ ಒಂದೂ ಬರೂದಿಲ್ಲ ನನಗ. ಏನರ ಮಾತಾಡ್ರಿ ಅಂದಿದ್ರಲ್ಲ, ಬಾಯಿಗೆ ಬಂದದ್ದು ಕಲೆಕ್ಷನ್ ಲಿಸ್ಟ್. ಬಸ್ ಸ್ಟ್ಯಾಂಡ್ ಚಹಾದಂಗಡಿ 100, ಬಾಜೂಕ ಪಾನ್‌ಬೀಡಾ 30, ಕಿರಾಣಿ ಸಾವಕಾರ 200, ಬಾಂಡೆ ಅಂಗಡಿ 150, ಬಾಳಿಹಣ್ಣಿನ ಆಯಿ 20, ಆಕಿ ಚಿಲ್ಲರ ಕೊಡ್ತಾಳ, ಸೈಕಲ್ ರಿಪೇರಿ ನಾಳೆ ಬಾ ಅಂತಾನ, ಹಿಂಗ ಸಣ್ಣ ದನಿಲೆ ಹೇಳ್ಕೋತ ಹೇಳ್ಕೋತ ಹೊಂಟಿದ್ದೆ. ಟೇಲರ್ ಕಾಕಾನ ತನಕ ಬರೂದ್ರಾಗ ನಿದ್ದಿ ಹತ್ತಿತ್ತು. ಇಳಸಿದ್ರ ಎದ್ದಾಳು ಅಂತ ಹಂಗ ಇನ್ನೊಂದ ರೌಂಡ್ ಮಾರ್ಕೆಟ್ ಮುಗಿಸಿದೆ.

ಇವತ್ತ ಮುಂಜಾನೆ ಜ್ವರ ಬಿಟ್ಟೈತಿ. ಈಗ ಹೋಗಿ ಎರಡ ದಿನದ್ದ ಕೇಳಬೇಕು, ಬೈತಾರ. ಮುಂದ ನಾಕ ಕಬ್ಬಿನ ಟ್ರ್ಯಾಕ್ಟರ್ ಅದಾವ. ಚಿಕ್ಕಪಡಸಲಗಿ ಬ್ರಿಜ್ ಬಂತು, ನೆಟ್‌ವರ್ಕ್ ಹೋಗತೈತಿ, ಆಮ್ಯಾಲ ಬರ್ತೀನಿ.

—

ಗುಮ್ಮಟದ_ಪಾರಿವಾಳ:

ಟೇಲರ್ ಎಷ್ಟ ತುಂಬತಾನ ಹೇಳ್ಲೇ ಇಲ್ಲಲ್ಲೋ.

—

ಪಿಗ್ಮಿಮಾಮಾ_ವಿಜಾಪುರ:

50. ಇವತ್ತ ಕೇಳಲಾರ್ದ 100 ಕೊಟ್ಟ.